ಕಣ್ಣಿಗೆ ಮಾತ್ರ ಇದ್ದ ನೋಟ್ಸು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವ ಸಂಗತಿಯಲ್ಲಿ ಅರ್ಧ ತಪ್ಪು ಆ ಕೋಪದ್ದು, ಇನ್ನರ್ಧ ನನ್ನ ಜಂಬದ್ದು. ಬೇರೆಯವರ ಪಾಲು ಇಲ್ಲವೆಂದಲ್ಲ, ಅವರವರದ್ದನ್ನು ಅವರವರೇ ಬರೆದುಕೊಳ್ಳಲಿ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಹೈಸ್ಕೂಲಿದೆ. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಹೊಳೆನರಸೀಪುರದಲ್ಲಿ. ಎಂಟೂಕಾಲರ ಬಸ್ಸು ಹಿಡಿದರೆ ಪ್ರಾರ್ಥನೆ ಬೆಲ್ಲಿಗೆ ಸರಿಯಾಗಿ ಶಾಲೆ. ಸರ್ವೀಸಿನ ಬಹುಪಾಲು ಸೀಮೆಸುಣ್ಣದ ಪುಡಿ ತಿಂದುಕೊಂಡು ಕಳೆದವಳು ನಾನು. ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೂಡ ನನಗೆ ಗೊತ್ತಿರಲಿಲ್ಲ. ಶಾಲೆಗಳು ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಕನ್ನಡ ಟೈಪಿಂಗ್ ಕಲಿತೆ. ಕಲಿತದ್ದು ನಮ್ಮ ಮೇಷ್ಟ್ರುಗಳೆಲ್ಲ ಪ್ರಶ್ನೆಪತ್ರಿಕೆ ಹೊಡೆಯುವ ಅದೇ ಹಳೇ ಫಾಂಟಿನಲ್ಲಿ. ಯಾವ ಶಾಲೆಗೆ ಹೋದರೂ ಅದೇ, ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಅದೇ. ಅಕ್ಷರ ಮುತ್ತಿನ ಹಾಗೆ ಬೀಳುತ್ತವೆ. ಒಮ್ಮೆ ಕೈ ಕುದುರಿದ ಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಎಲ್ಲ ಪಾಠಕ್ಕೂ ನೋಟ್ಸು, ಪ್ರತಿ ಪುಟದ ನೆತ್ತಿಯ ಮೇಲೆ ನನ್ನ ಹೆಸರು, ಅದರ ಕೆಳಗೆ ಶಾಲೆಯ ಹೆಸರು. ಹೆಸರು ಮಾತ್ರ ಮರೆಯುತ್ತಿರಲಿಲ್ಲ ನೋಡಿ.

ಹಾಗೆ ನೋಟ್ಸು ಮಾಡಲು ನಿಜವಾದ ಕಾರಣ ಒಬ್ಬಳು ಹುಡುಗಿ. ಎಂಟನೇ ತರಗತಿಗೆ ಬಂದಾಗ ಅವಳಿಗೆ ಕಣ್ಣು ಕಾಣುತ್ತಿತ್ತು. ಮುಂದಿನ ಬೆಂಚು, ಪುಸ್ತಕಕ್ಕೆ ಮೂಗು ತಾಗಿಸಿಕೊಂಡು ಓದು. ಅವಳಿಗೆ ಕನ್ನಡಕ ಬೇಕೇನೋ ಅಂದುಕೊಂಡೆವು. ಹಾಸನದ ಆಸ್ಪತ್ರೆಯಲ್ಲಿ, ಕಣ್ಣಿನ ಒಳಪರದೆ ಒಣಗುತ್ತಾ ಬಂದಿದೆ, ಕನ್ನಡಕದಿಂದ ಆಗುವ ಕೆಲಸ ಇದಲ್ಲ ಅಂದರಂತೆ. ಒಂಬತ್ತಕ್ಕೆ ಬರುವಷ್ಟರಲ್ಲಿ ಬೆಳಕು ನೆರಳು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಚುಕ್ಕಿ ಮುಟ್ಟಿ ಓದುವ ಬ್ರೈಲ್ ಕಲಿಸುವವರು ನಮ್ಮ ಕಡೆ ಯಾರೂ ಸಿಗಲಿಲ್ಲ. ದೂರದ ಹಾಸ್ಟೆಲಿಗೆ ಕಳಿಸಲು ಅವಳ ತಾಯಿ ಒಪ್ಪಲಿಲ್ಲ. ಎಂಟರಲ್ಲಿ ನಾನು ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆಯ ಪೊರೆ ತೋರಿಸಿದ್ದೆ. ಅದನ್ನು ನೋಡಿ ಅವಳು, "ಇಟ್ಟಿಗೆ ಗೋಡೆ ಕಟ್ಟಿದಂಗದೆ ಮಿಸ್" ಎಂದು ಕೂಗಿದ್ದಳು. ಚೆನ್ನಾಗಿ ನೋಡಿದ್ದು ಅದೇ ಕೊನೆ ಎಂದು ಆಮೇಲೆ ಅವಳೇ ಹೇಳಿದಳು. ಅವತ್ತಿನಿಂದ ಅವಳದ್ದು ಒಂದೇ ಹಟ, ಮುಂದೆ ಸೈನ್ಸೇ ಓದಬೇಕು.

ಯಾರೋ ಪುಣ್ಯಾತ್ಮರು ಅವಳಿಗೊಂದು ಮೊಬೈಲ್ ಕೊಟ್ಟರು. ಪರದೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಅದರಲ್ಲಿತ್ತು. ನನಗೆ ಹಬ್ಬವೇ ಆಯಿತು. ನೋಟ್ಸು ಟೈಪ್ ಮಾಡಿ ಫೈಲು ಕಳಿಸಿದರೆ ಮೊಬೈಲೇ ಓದಿ ಹೇಳುತ್ತದಲ್ಲ! ಒಂಬತ್ತು ಮುಗಿದ ಬೇಸಿಗೆ ರಜೆಯಲ್ಲಿ ತವರಿಗೂ ಹೋಗದೆ ಕೂತು ಹತ್ತನೇ ತರಗತಿಯ ಪಾಠಗಳನ್ನೆಲ್ಲ ಟೈಪ್ ಮಾಡಿದೆ. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಹೆಡ್‌ಮಾಸ್ಟರ ಕೋಣೆಯಲ್ಲಿ ಅದರ ಉದ್ಘಾಟನೆ. ನಮ್ಮಲ್ಲಿ ಗಿಡ ನೆಟ್ಟರೂ ಫೋಟೋ, ಕೈ ತೊಳೆಸಿದರೂ ಫೋಟೋ, ಗ್ರೂಪಿಗೆ ಹಾಕದಿದ್ದರೆ ಕೆಲಸ ಆಗಿಲ್ಲ ಎಂದೇ ಲೆಕ್ಕ. ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿದೆವು, ಕಿವಿಗೆ ಇಯರ್‌ಫೋನು ಸಿಕ್ಕಿಸಿದೆವು, ನಾನು ಪಕ್ಕದಲ್ಲಿ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟೆ.

"ಕೇಳಿಸ್ತದೇನಮ್ಮ?" ಎಂದರು ಹೆಡ್‌ಮಾಸ್ಟರು.

"ಕೇಳಿಸ್ತದೆ ಸಾ" ಎಂದಳು.

ನಕ್ಕಳು ಕೂಡ. ಆ ನಗು ಇರುವ ಫೋಟೋ ತಾಲ್ಲೂಕಿಗೆ ಹೋಯಿತು, ತಾಲ್ಲೂಕಿನಿಂದ ಹಾಸನದ ಶಿಕ್ಷಣ ಇಲಾಖೆ ಕಚೇರಿಗೆ ಹೋಯಿತು. ಎಲ್ಲ ಮಕ್ಕಳಿಗೂ ಎಟುಕುವ ಡಿಜಿಟಲ್ ಪಾಠಕ್ಕೆ ನಮ್ಮ ಶಾಲೆ ಮಾದರಿ ಅಂತ ಮೆಚ್ಚುಗೆ ಬಂತು, ನನಗೊಂದು ಶಾಲು ಹೊದಿಸಿದರು. ಅರ್ಥ ಆಗುತ್ತದಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಬೇರೆಯವರ ಮಾತು ಬಿಡಿ, ನಾನೇ ಕೇಳಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದ್ದೆ, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ನೋಡಿದ್ದೆ ಅಷ್ಟೆ.

ದಸರಾಕ್ಕೆ ಮುಂಚೆ ಅರ್ಧವಾರ್ಷಿಕ ಪರೀಕ್ಷೆ ನಡೆಯಿತು. ಅವಳು ಹೇಳುತ್ತಾ ಹೋದಂತೆ ಒಂಬತ್ತನೇ ತರಗತಿಯ ಒಬ್ಬಳು ಉತ್ತರ ಬರೆದಳು. ಪೇಪರು ತಿದ್ದಲು ಕೂತೆ. ಮೊದಲ ಮೂರು ಪಾಠದ ಪ್ರಶ್ನೆಗಳಿಗೆ ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ನನ್ನ ನೋಟ್ಸಿನ ವಾಕ್ಯಗಳೇ ಎದ್ದು ಬಂದ ಹಾಗಿತ್ತು. ಖುಷಿಯಾಯಿತು. ಪುಟ ತಿರುವಿದೆ. ನಾಲ್ಕನೆಯ ಪಾಠದಿಂದ ಮುಂದಕ್ಕೆ ಖಾಲಿ. ತರಗತಿಯಲ್ಲಿ ಕೇಳಿಸಿಕೊಂಡದ್ದನ್ನು ಇಟ್ಟುಕೊಂಡು ಅಲ್ಲೊಂದು ಇಲ್ಲೊಂದು ಸಾಲು ಬರೆಸಿದ್ದಳು, ಅಷ್ಟೆ. ಒಟ್ಟಿನಲ್ಲಿ ಫೇಲು.

ನನ್ನ ಪಿತ್ತ ನೆತ್ತಿಗೇರಿತು. ತರಗತಿಯಲ್ಲಿ ಎಲ್ಲರೆದುರು ಅವಳನ್ನು ಎಬ್ಬಿಸಿ ನಿಲ್ಲಿಸಿದೆ.

"ಮೂರು ಪಾಠ ಓದಿ ಕೈ ಬಿಟ್ಟೆಯಲ್ಲ, ನಿನಗೇನು ಕಮ್ಮಿ ಮಾಡಿದೀನಿ? ಇಲ್ಲಿ ಕೂತಿರೋ ಯಾರಿಗಿದೆ ನಿನಗಿರೋ ಸೌಲಭ್ಯ? ರಜೆಯೆಲ್ಲ ಕೂತು ನಿನಗೋಸ್ಕರ ಟೈಪ್ ಮಾಡಿದೀನಿ ಕಣೇ. ಇನ್ನು ನಾನೇ ಬಂದು ಪರೀಕ್ಷೆನೂ ಬರೆದುಕೊಡಲಾ? ಎಲ್ಲರೂ ಅಯ್ಯೋ ಪಾಪ ಅಂದು ಅಂದು ನಿನ್ನ ಕೆಡಿಸಿದಾರೆ. ಸೋಮಾರಿತನಕ್ಕೂ ಕಣ್ಣಿಗೂ ಸಂಬಂಧ ಇಲ್ಲ."

ಅವಳು ನನ್ನ ದನಿ ಬಂದ ಕಡೆಗೆ ಮುಖ ಮಾಡಿಕೊಂಡು ನಿಂತಿದ್ದಳು.

"ಸಾರಿ ಮಿಸ್. ಇನ್ನೂ ಬೇಗ ಬೇಗ ಓದ್ತೀನಿ" ಎಂದಳು.

ಬೇಗ ಬೇಗ ಅಂದದ್ದು ಯಾಕೆ ಎಂದು ಆಗ ನನಗೆ ತಟ್ಟಲಿಲ್ಲ. ಕೋಪ ಬಂದಾಗ ನನ್ನ ಕಿವಿಯೂ ಕೆಲಸ ಮಾಡುವುದಿಲ್ಲ.

ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಮೇಲಿನವರಿಗೆ ಹೆದರುವ ಮನುಷ್ಯ. ಹತ್ತನೇ ತರಗತಿಯಲ್ಲಿ ಒಬ್ಬರು ಫೇಲಾದರೂ ಹಾಸನಕ್ಕೆ ಹೋಗಿ ಸಾಲಿನಲ್ಲಿ ನಿಂತು ಉತ್ತರ ಹೇಳಬೇಕಾದವರು ಅವರು. "ನೋಡಿ ಮೇಡಂ, ಕಣ್ಣು ಕಾಣದ ಮಕ್ಕಳಿಗೆ ವಿಜ್ಞಾನದ ಬದಲು ಬೇರೆ ವಿಷಯ ತಗೊಳ್ಳೋಕೆ ಅವಕಾಶ ಇದೆ. ಅರ್ಜಿ ಹಾಕಿಸಿಬಿಡಿ. ಅವಳಿಗೂ ಹಗುರ, ನಮಗೂ ಹಗುರ" ಎಂದರು. ಹತ್ತರಲ್ಲಿ ವಿಜ್ಞಾನ ಬಿಟ್ಟರೆ ಮುಂದೆ ಪಿಯುಸಿಯಲ್ಲಿ ಸೈನ್ಸಿನ ಬಾಗಿಲು ಮುಚ್ಚಿದ ಹಾಗೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಬೇಡ ಅನ್ನಬೇಕಾಗಿದ್ದವಳು ನಾನು. ಅನ್ನಲಿಲ್ಲ. ಓದದ ಹುಡುಗಿಯ ಪರವಾಗಿ ನಾನ್ಯಾಕೆ ಜಗಳ ಆಡಲಿ ಎನ್ನುವ ಉರಿ ಇನ್ನೂ ಆರಿರಲಿಲ್ಲ.

ಅರ್ಜಿ ಹಿಡಿದುಕೊಂಡು ಅವಳ ಊರಿಗೆ ಹೋದೆ. ರಸ್ತೆಯಿಂದ ಒಳಗೆ ಒಂದು ಮೈಲಿ ನಡಿಗೆ. ಅವಳ ತಾಯಿ ಕೊಟ್ಟಿಗೆ ಗುಡಿಸುತ್ತಿದ್ದವರು ಪೊರಕೆ ಬಿಸಾಕಿ ಬಂದು ಚಾಪೆ ಹಾಸಿದರು. ಹುಡುಗಿ ಜಗಲಿಯ ಮೇಲೆ ಮೊಬೈಲ್ ಹಿಡಿದು ಕೂತಿದ್ದಳು. ನಾನು ಬಂದದ್ದು ತಿಳಿದು ಇಯರ್‌ಫೋನು ತೆಗೆದು ಎದ್ದು ನಿಂತಳು.

"ಯಾವಾಗ್ ನೋಡುದ್ರೂ ಅದ್ನೇ ಕಿವೀಗಿಕ್ಕೊಂಡು ಕುಂತಿರ್ತಾಳೆ ಕಣ್ ಮೇಡಮ್ನೋರೆ. ಉಣ್ಣಕ್ ಕರುದ್ರೂ ಓಗೊಡಕ್ಕಿಲ್ಲ. ಬೆಳ್ ಬೆಳುಗ್ಗೆ ನಾನು ಆಲ್ ಕರ್ಯೋವತ್ಗೇ ಸುರು ಅಚ್ಕೊತಾಳೆ. ಅಂಗೂ ಪೇಲಾಗವ್ಳೆ ಅಂತೀರಲ್ಲ, ಅದೆಂಗೆ?" ಎಂದರು ತಾಯಿ.

"ಮೊಬೈಲಲ್ಲಿ ಏನು ಕೇಳ್ತಾ ಇರ್ತಾಳೋ, ನಿಮಗೆ ಗೊತ್ತಾ?" ಎಂದುಬಿಟ್ಟೆ. ಸಿನಿಮಾ ಹಾಡು ಕೇಳುತ್ತಾಳೆ ಅನ್ನುವ ಅರ್ಥದಲ್ಲಿ. ಥೂ, ನನ್ನ ನಾಲಿಗೆಗಿಷ್ಟು. ತಾಯಿಯ ಮುಖ ಸಣ್ಣಗಾಯಿತು. ಅವರು ಮಗಳ ಕಡೆ ನೋಡಿದರು.

ಅರ್ಜಿಯ ವಿಷಯ ತಿಳಿಸಿದೆ. ವಿಷಯ ಬದಲಾದರೆ ಸುಲಭವಾಗುತ್ತದೆ, ಪಾಸಾಗುತ್ತಾಳೆ, ಪಾಸಾದರೆ ಮುಂದೆ ಏನಾದರೂ ಓದಬಹುದು ಎಂದೆ. ಆಗ ಹುಡುಗಿ ಬಾಯಿ ಬಿಟ್ಟಳು.

"ಮಿಸ್, ನಾನು ಸೈನ್ಸೇ ಓದ್ತೀನಿ. ಮೂರು ಪಾಠ ಮುಗ್ಸಿದೀನಿ. ನಾಲ್ಕನೇದು ಅರ್ಧ ಆಗದೆ. ಈಗೀಗ ಬೇಗ ಬರ್ತದೆ ಮಿಸ್, ಮೊದ್ಲಿನಷ್ಟು ಹೊತ್ತು ಹಿಡಿಯಲ್ಲ. ಇನ್ನೊಂದ್ ಸ್ವಲ್ಪ ಟೈಮ್ ಕೊಡಿ."

"ಜೂನಿಂದ ಮೂರು ಪಾಠ ಓದಿರೋಳು ಮಾರ್ಚ್ ಒಳಗೆ ಇನ್ನೆಷ್ಟು ಓದ್ತೀಯಮ್ಮ?" ಎಂದೆ. ಈ ಸಲ ಗದರಲಿಲ್ಲ, ಬಹಳ ಸಮಾಧಾನದಿಂದಲೇ ಹೇಳಿದೆ. ಆ ಸಮಾಧಾನ ನೆನೆಸಿಕೊಂಡರೆ ಈಗ ಬೈದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ರುಜು ಹಾಕಿದರು. ಅರ್ಜಿಯನ್ನು ತುಂಬಿದ್ದು ನಾನು. 'ವಿಷಯ ಶಿಕ್ಷಕರ ಅಭಿಪ್ರಾಯ' ಎನ್ನುವ ಜಾಗದಲ್ಲಿ ನನ್ನದೇ ಕೈಬರಹ, ನನ್ನದೇ ರುಜು: ಅಗತ್ಯ ಕಲಿಕಾ ಸಾಮಗ್ರಿ ಒದಗಿಸಿದ್ದರೂ ನಿರೀಕ್ಷಿತ ಪ್ರಗತಿ ಇಲ್ಲ.

ಆಮೇಲೆ ಡಿಸೆಂಬರಿನಲ್ಲಿ ಚನ್ನರಾಯಪಟ್ಟಣದಲ್ಲಿ ಒಂದು ತರಬೇತಿ ನಡೆಯಿತು. ಎಲ್ಲ ಬಗೆಯ ಮಕ್ಕಳಿಗೂ ಡಿಜಿಟಲ್ ಪಾಠ ತಯಾರಿಸುವುದು ಹೇಗೆ ಎಂದು. ಮಾದರಿ ಶಿಕ್ಷಕಿ ಎಂದು ನನಗೆ ಹತ್ತು ನಿಮಿಷ ಮಾತಾಡಲು ಹೇಳಿದ್ದರು. ಒಳ್ಳೆ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ತೆರೆಯ ಮೇಲೆ ನೋಟ್ಸಿನ ಪುಟಗಳನ್ನು ತೋರಿಸಿದೆ, ಕೊನೆಗೆ ಆ ಫೋಟೋ ತೋರಿಸಿದೆ. ಚಪ್ಪಾಳೆ ಬಿತ್ತು. ತರಬೇತಿ ಕೊಡಲು ಬಂದವರು ಒಬ್ಬರು ಕಾಲೇಜಿನ ಅಧ್ಯಾಪಕರು, ಅವರಿಗೂ ಕಣ್ಣು ಕಾಣುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರು ಕೇಳಿದರು.

"ಮೇಡಂ, ಆ ಫೈಲು ನನ್ನ ಫೋನಿಗೆ ಕಳಿಸ್ತೀರಾ? ನಾನೂ ಒಂದು ಪಾಠ ಓದೋಣ ಅಂತ."

ಹೆಮ್ಮೆಯಿಂದ ಕಳಿಸಿದೆ. ಅವರು ಫೋನನ್ನು ಮೈಕಿನ ಹತ್ತಿರ ಹಿಡಿದು ಬೆರಳಾಡಿಸಿದರು. ಹಾಲಿನ ತುಂಬ ಆ ಯಂತ್ರದ ಹೆಣ್ಣುದನಿ ಹೊರಟಿತು. ಇಂಗ್ಲಿಷಿನ ಅಕ್ಷರ, ನಡುವೆ ಪೌಂಡು, ಯೆನ್ನು, ಇನ್ನೇನೋ ಚಿಹ್ನೆಗಳ ಹೆಸರು, ಮತ್ತೆ ಅಕ್ಷರ. ಕನ್ನಡದ ಒಂದೇ ಒಂದು ಪದ ಇಲ್ಲ. ಸಂತೆಯಲ್ಲಿ ಹತ್ತು ಜನ ಒಟ್ಟಿಗೆ ಕೂಗಿದರೂ ಅದಕ್ಕಿಂತ ಹೆಚ್ಚು ಅರ್ಥವಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಆ ಅಧ್ಯಾಪಕರು ನಗಲಿಲ್ಲ.

"ಇದು ಕಣ್ಣಿಗೆ ಮಾತ್ರ ಕನ್ನಡ ಮೇಡಂ" ಎಂದರು. "ಹಳೇ ಫಾಂಟು. ಒಳಗಡೆ ಇರೋದು ಇಂಗ್ಲಿಷ್ ಅಕ್ಷರಗಳು, ಮೇಲೆ ಕನ್ನಡದ ವೇಷ ಹಾಕಿರ್ತಾರೆ. ನೋಡೋರಿಗೆ ವೇಷ ಕಾಣುತ್ತೆ. ಫೋನು ಓದೋದು ಒಳಗಿರೋದನ್ನ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ರೆ ಒಳಗೂ ಕನ್ನಡವೇ ಇರುತ್ತೆ, ಈ ತೊಂದರೆ ಇಲ್ಲ. ನಮ್ಮ ಜನ ಎಲ್ಲ ಕಡೆ ಮಾಡೋ ತಪ್ಪೇ ಇದು, ಬೇಜಾರು ಮಾಡ್ಕೋಬೇಡಿ." ಆಮೇಲೆ ಕೇಳಿದರು, "ಆ ಹುಡುಗಿ ಈಗ ಹೇಗೆ ಓದ್ತಿದಾಳೆ?"

ಫೋಟೋ ಇನ್ನೂ ತೆರೆಯ ಮೇಲೆಯೇ ಇತ್ತು. ಏನು ಉತ್ತರ ಹೇಳಿದೆನೋ ನೆನಪಿಲ್ಲ. ಊಟಕ್ಕೆ ನಿಲ್ಲದೆ ಬಸ್ ಸ್ಟ್ಯಾಂಡಿಗೆ ಬಂದು ಹೊಳೆನರಸೀಪುರದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು, ನೋಟ್ಸಿನ ಜೊತೆಗೇ ಮಾಡಿದ್ದ ನನ್ನ ಪಾಠದ ವೀಡಿಯೋ ಒಂದನ್ನು ಕಣ್ಣು ಮುಚ್ಚಿಕೊಂಡು ಕೇಳಿದೆ. ಅದನ್ನೂ ಅವಳಿಗೆ ಕಳಿಸಿದ್ದೆನಲ್ಲ. "ಇಲ್ಲಿ ನೋಡಿ ಮಕ್ಕಳೇ, ಇದು ಇಲ್ಲಿಂದ ಇಲ್ಲಿಗೆ ಬರುತ್ತೆ, ಬಂದು ಹೀಗೆ ತಿರುಗಿ ಅಲ್ಲಿಗೆ ಹೋಗುತ್ತೆ" ಎನ್ನುತ್ತಿದ್ದೆ ನಾನು. ಹೃದಯದ ಪಾಠ ಅದು. ಏನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದು ಕಣ್ಣು ಮುಚ್ಚಿದ ನನಗೇ ತಿಳಿಯಲಿಲ್ಲ. ಅಯ್ಯೋ ಶಿವನೇ, ಇದನ್ನೆಲ್ಲ ಮಾಡಿದ್ದಕ್ಕೆ ಶಾಲು ಹೊದಿಸಿಕೊಂಡೆನಲ್ಲ. ಆ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದ ಸೀಟಿನ ಅಜ್ಜಿ, "ಯಾಕವ್ವ, ತಲೆನೋವಾ?" ಎಂದರು. ಹೌದೆಂದೆ.

ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಇನ್ನೊಂದು. ಫೈಲು ಹಾಗಿದ್ದಮೇಲೆ ಆ ಮೂರು ಪಾಠ ಅವಳಿಗೆ ಹೇಗೆ ಬಂದವು? ಬರೆಸಿದ್ದ ವಾಕ್ಯಗಳು ನನ್ನವೇ. ಪಠ್ಯಪುಸ್ತಕದಲ್ಲಿ ಇಲ್ಲದವು.

ಮರುದಿನ ಶಾಲೆಯಲ್ಲಿ ಅವಳನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡೆ. ಬೈಯುತ್ತಾರೆ ಅಂದುಕೊಂಡಳೇನೋ, ಕೈ ಎರಡೂ ಹಿಂದಕ್ಕೆ ಕಟ್ಟಿಕೊಂಡು ನಿಂತಳು.

"ನನ್ನ ನೋಟ್ಸು ಫೋನಲ್ಲಿ ಸರಿಯಾಗಿ ಓದಲ್ಲ ಅಂತ ಯಾಕೆ ಹೇಳಲಿಲ್ಲ ಕಣಮ್ಮ?"

"ಓದ್ತದಲ್ಲ ಮಿಸ್."

"ಪೌಂಡು ಗೌಂಡು ಅಂತ ಓದೋದು ಓದೋದಾ?"

"ಅದು ಹಂಗೇ ಅಲ್ವಾ ಮಿಸ್? ಪೌಂಡ್ ಅಂದ್ರೆ ನ. ಯೆನ್ ಅಂದ್ರೆ ಪ. ದೊಡ್ಡ ಪಿ ಅಂದ್ರೆ ಕ."

ನಾನು ಸ್ಟೂಲು ಎಳೆದುಕೊಂಡು ಕೂತೆ. ಅವಳು ಪಾಠ ಒಪ್ಪಿಸುವ ಹಾಗೆ ಹೇಳುತ್ತಾ ಹೋದಳು. ಮೊದಲಿಗೆ ಏನೂ ತಿಳಿಯಲಿಲ್ಲವಂತೆ. ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸಿ ಕೇಳಿದಳಂತೆ. "ಎಲ್ಲಾ ಪುಟದ ಮೇಲೂ ನಿಮ್ಮ ಹೆಸ್ರು, ಸ್ಕೂಲ್ ಹೆಸ್ರು ಇರ್ತದೆ ಅಂತ ಹುಡ್ಗೀರು ಹೇಳಿದ್ರು ಮಿಸ್. ಪ್ರತಿ ಪುಟದಲ್ಲೂ ಮೊದಲ್ನೇ ಸಾಲು ಒಂದೇ ತರ ಕೇಳ್ತಿತ್ತು. ಅದೇ ನಿಮ್ಮ ಹೆಸ್ರು ಅಂದ್ಕೊಂಡೆ. ಅದ್ರಿಂದ ಆರು ಅಕ್ಷರ ಸಿಕ್ತು. ಸ್ಕೂಲ್ ಹೆಸ್ರಿಂದ ಇನ್ನೊಂದಷ್ಟು ಸಿಕ್ತು. ಆಮೇಲೆ ಪಾಠದ ಹೆಸ್ರು. ದೀರ್ಘ, ಒತ್ತು ಕಂಡ್ಹಿಡಿಯಕ್ಕೆ ತುಂಬಾ ದಿನ ಹಿಡೀತು. ಮೊದಲ್ನೇ ಪಾಠ ಎರಡು ತಿಂಗ್ಳಾಯ್ತು ಮಿಸ್. ಮೂರನೇದು ಮೂರು ವಾರಕ್ಕೇ ಮುಗೀತು."

ಜಂಬಕ್ಕೆ ಹಾಕಿಕೊಂಡಿದ್ದ ನನ್ನ ಹೆಸರು. ಆ ಮಗು ಅದನ್ನು ಹಿಡಿದುಕೊಂಡು ಗೋಡೆ ಕೊರೆಯುತ್ತಾ ಕೂತಿತ್ತು. ನಾನು ಅವಳನ್ನು ಸೋಮಾರಿ ಅಂದೆ.

"ಹುಡುಗೀರ ಮೆಸೇಜು ಫೋನಲ್ಲಿ ಚೆನ್ನಾಗೇ ಓದುತ್ತಲ್ಲ. ಇದು ಮಾತ್ರ ಯಾಕೆ ಹೀಗೆ ಅಂತ ಅನ್ನಿಸಲಿಲ್ವಾ?" ಎಂದೆ.

"ಮೆಸೇಜ್ ಅಂದ್ರೆ ಸುಮ್ನೆ ಮಾತು. ಇದು ಪಾಠ ಅಲ್ವಾ ಮಿಸ್, ಕಷ್ಟ ಇರ್ತದೆ ಅಂದ್ಕೊಂಡೆ. ಕಣ್ಣಿಲ್ದೋರ್ಗೆ ಓದು ಹಿಂಗೇ ಇರ್ತದೇನೋ ಅಂತ. ಬೇರೆ ಮೇಷ್ಟ್ರುಗಳು ಪುಸ್ತಕದ ಫೋಟೋ ಹೊಡೆದು ಕಳಿಸ್ತಾರೆ, ಅದು ಏನೂ ಮಾತಾಡಲ್ಲ. ನಿಮ್ದೊಂದೇ ಮಾತಾಡೋದು." ಮತ್ತೆ ಹೇಳಿದಳು. "ಗೆಳತಿ ಬಂದು ಪುಸ್ತಕ ಓದಿ ಹೇಳ್ತೀನಿ ಅಂದ್ಲು. ಬೇರೆ ಸಬ್ಜೆಕ್ಟೆಲ್ಲ ಅವ್ಳೇ ಓದಿ ಹೇಳೋದು. ಸೈನ್ಸ್ ಬೇಡ, ಮಿಸ್ ನಂಗೋಸ್ಕರ ಮಾಡಿದಾರೆ ಅಂದೆ. ನಿಮ್ಗೆ ಬೇಜಾರಾಗ್ತದಲ್ಲ."

ಅದೇ ದಿನ ಹೆಡ್‌ಮಾಸ್ಟರ ಹತ್ತಿರ ಹೋಗಿ ಅರ್ಜಿ ವಾಪಸ್ ತರಿಸಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಪ್ರಗತಿ ಇಲ್ಲ ಅಂತ ನೀವೇ ಬರೆದಿದೀರಿ ಮೇಡಂ. ಈಗ ತಪ್ಪಾಯ್ತು ಅಂದ್ರೆ ನೋಟಿಸು ಬರೋದು ಯಾರಿಗೆ?" ಎಂದರು. ಬರಲಿ ನನಗೇ ಬರಲಿ ಎಂದು ಕೂಗಾಡಿ ರಜೆ ಬರೆದುಕೊಟ್ಟು ಮರುದಿನ ಹಾಸನದ ಕಚೇರಿಗೆ ಹೋದೆ. ತಪ್ಪೊಪ್ಪಿಗೆ ಪತ್ರ ನಾನೇ ಬರೆದುಕೊಂಡು ಹೋಗಿದ್ದೆ: ವಿದ್ಯಾರ್ಥಿನಿಗೆ ಕೊಟ್ಟ ಸಾಮಗ್ರಿ ಅವಳು ಓದುವಂತೆ ಇರಲಿಲ್ಲ, ತಪ್ಪು ನನ್ನದು, ಅವಳಿಗೆ ವಿಜ್ಞಾನ ಪರೀಕ್ಷೆ ಬರೆಯಲು ಅವಕಾಶ ಕೊಡಿ.

ಗುಮಾಸ್ತರು ಓದಿ, ಹೆಸರುಗಳೆಲ್ಲ ಬೆಂಗಳೂರಿಗೆ ಹೋಗಿಯಾಗಿದೆ, ತಿದ್ದುಪಡಿಯ ದಿನ ಮುಗಿದಿದೆ, ಸಾಫ್ಟ್‌ವೇರು ತೆರೆಯುವುದೇ ಇಲ್ಲ ಎಂದರು. ಸಾಹೇಬರನ್ನು ಕಾಣುತ್ತೇನೆ ಎಂದು ಹಟ ಹಿಡಿದೆ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಮೇಲೆ ಒಳಗೆ ಬಿಟ್ಟರು. ಅವರು ಪತ್ರ ಓದಿ ಮೇಜಿನ ಮೇಲೆ ಉಲ್ಟಾ ಮಾಡಿಟ್ಟರು. "ನಿಮ್ಮ ಕೆಲಸವನ್ನ ನಾವು ಮಾದರಿ ಅಂತ ಮೇಲಕ್ಕೆ ಕಳಿಸಿದೀವಿ. ಈಗ ನೀವು ಹೀಗೆ ಬರೆದುಕೊಟ್ರೆ ನಮ್ಮ ಗತಿ ಏನಮ್ಮ? ಹುಡುಗಿ ಪಾಸಾಗ್ತಾಳಲ್ಲ, ಇನ್ನೇನು ಬೇಕು?" ಎಂದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಬಾಯಿ ಇದ್ದು ಏನು ಪ್ರಯೋಜನ, ಅರ್ಜಿಯ ಮೇಲೆ ರುಜು ನನ್ನದೇ ಇತ್ತಲ್ಲ. ಪತ್ರವನ್ನು ವಾಪಸ್ ಕೈಗೆ ಕೊಟ್ಟು ಕಳಿಸಿದರು. ಅದು ಈಗಲೂ ನನ್ನ ಬೀರುವಿನಲ್ಲಿದೆ, ಆ ಶಾಲಿನ ಕೆಳಗೆ.

ಬೇರೇನೂ ತೋಚದೆ ನೋಟ್ಸು ಸರಿಮಾಡಲು ಕೂತೆ. ಹಳೇ ಫಾಂಟನ್ನು ಹೊಸದಕ್ಕೆ ಬದಲಾಯಿಸುವ ದಾರಿಯನ್ನು ಆ ಅಧ್ಯಾಪಕರೇ ಫೋನಿನಲ್ಲಿ ಹೇಳಿಕೊಟ್ಟರು. ಅಕ್ಷರದ ಕೆಲಸ ಬೇಗ ಆಯಿತು. ಪ್ರಾಣ ಹಿಂಡಿದ್ದು ಚಿತ್ರಗಳು. 'ಚಿತ್ರದಲ್ಲಿ ತೋರಿಸಿರುವಂತೆ' ಎಂದು ಬರೆದು ಕೈ ತೊಳೆದುಕೊಂಡಿದ್ದೆ ಎಲ್ಲ ಕಡೆ. ಈಗ ಹೃದಯದ ನಾಲ್ಕು ಕೋಣೆಗಳನ್ನು ಬರೀ ಮಾತಿನಲ್ಲಿ ಕಟ್ಟಬೇಕು. ಮುಷ್ಟಿ ಹಿಡಿದುಕೋ, ಅಷ್ಟು ದೊಡ್ಡದು ಎಂದು ಶುರುಮಾಡಿದೆ. ಬರೆದದ್ದನ್ನು ಕಣ್ಣು ಮುಚ್ಚಿಕೊಂಡು ಫೋನಿನಲ್ಲಿ ಕೇಳುವುದು, ತಿಳಿಯದಿದ್ದರೆ ಅಳಿಸಿ ಹಾಕಿ ಮತ್ತೆ ಬರೆಯುವುದು. ಎಷ್ಟೋ ವರ್ಷ ಕಲಿಸಿದ ಪಾಠ ನನಗೇ ಅರ್ಧಂಬರ್ಧ ಗೊತ್ತಿತ್ತು ಅನ್ನುವುದು ಆಗ ತಿಳಿಯಿತು.

ಅವಳ ಪರೀಕ್ಷೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬೇರೆ ವಿಷಯ ಬರೆದಳು, ಪಾಸಾದಳು, ಒಳ್ಳೆಯ ನಂಬರೇ ಬಂತು. ಶಾಲೆಯ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಅವಳದ್ದೂ ಫೋಟೋ ಇತ್ತು, ಇಯರ್‌ಫೋನು ಹಾಕಿಕೊಂಡು ನಗುವ ಅದೇ ಫೋಟೋ. ತೆಗೆಸಿ ಎಂದು ಜಗಳ ಆಡಿದೆ. ಚೆನ್ನಾಗಿ ಬಂದಿದೆ ಇರಲಿ ಬಿಡಿ ಮೇಡಂ ಎಂದರು. ಈಗ ಅವಳು ಹೊಳೆನರಸೀಪುರದಲ್ಲಿ ಪಿಯುಸಿ ಆರ್ಟ್ಸ್ ಓದುತ್ತಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ದನಿ ಕೇಳಿದರೆ ಬಂದು ಮಾತಾಡಿಸುತ್ತಾಳೆ.

ಆದರೆ ನನ್ನ ನಿದ್ದೆ ಕೆಡಿಸುವುದು ಅದಲ್ಲ. ಜನವರಿಯ ಒಂದು ಭಾನುವಾರ, ಸರಿಮಾಡಿದ ಮೊದಲ ಪಾಠವನ್ನು ತೆಗೆದುಕೊಂಡು ಅವಳ ಮನೆಗೆ ಹೋಗಿದ್ದೆ. ನಾಲ್ಕನೆಯ ಪಾಠ, ಅವಳು ಅರ್ಧಕ್ಕೆ ನಿಲ್ಲಿಸಿದ್ದದ್ದು. ತಾಯಿಗೆ ನಡೆದದ್ದನ್ನೆಲ್ಲ ಮೊದಲೇ ಹೇಳಿ ಕ್ಷಮೆ ಕೇಳಿದ್ದೆ. ಅವರು ಒಂದು ಮಾತೂ ಅನ್ನದೆ ಕಾಫಿ ತಂದಿಟ್ಟಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜಗಲಿಯ ಮೇಲೆ ಇಬ್ಬರೂ ಕೂತೆವು. ಇಯರ್‌ಫೋನು ಬೇಡ, ನಾನೂ ಕೇಳುತ್ತೇನೆ ಎಂದೆ. ಅವಳು ಅಭ್ಯಾಸಬಲದಿಂದ ಅಕ್ಷರ ಅಕ್ಷರ ಸರಿಸಲು ಬೆರಳು ಇಟ್ಟಳು. ಹಾಗಲ್ಲ, ಸುಮ್ಮನೆ ಬಿಡು, ಅದೇ ಓದುತ್ತದೆ ಎಂದೆ. ಫೋನು ಓದಲು ಶುರುಮಾಡಿತು, ಸ್ವಚ್ಛ ಕನ್ನಡದಲ್ಲಿ. ಅವಳು ಬೆಚ್ಚಿದಳು.

"ಮಿಸ್, ನಿಮ್ಮ ಹೆಸ್ರು ಬರಲಿಲ್ಲ?"

"ತೆಗೆದೆ."

ತುಟಿ ಅಲ್ಲಾಡಿಸುತ್ತಾ ಕೇಳಿದಳು. ಒಂದೆರಡು ಕಡೆ ತಲೆದೂಗಿದಳು. ಕಾಫಿ ಲೋಟ ಇನ್ನೂ ಬಿಸಿ ಇರುವಾಗಲೇ ಫೋನು ಸುಮ್ಮನಾಯಿತು. ಅವಳು ಕಾದಳು, ಮತ್ತೆ ಓದುತ್ತದೇನೋ ಎಂದು.

"ಮುಗೀತಾ ಮಿಸ್?"

"ಮುಗೀತು."

"ಪೂರ್ತಿ ಪಾಠಾನಾ?"

"ಹೂಂ, ಪೂರ್ತಿ."

ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

"ಬೇರೆಯೋರ್ಗೆಲ್ಲ ಮೊದ್ಲಿಂದ್ಲೂ ಹಿಂಗೇ ಇತ್ತಾ ಮಿಸ್, ಇಷ್ಟು ಸಲೀಸಾಗಿ?"

"ಹೂಂ ಕಣಮ್ಮ."

"ಹಂಗಾದ್ರೆ ನಾನು ದಡ್ಡಿ ಅಲ್ಲ, ಅಲ್ವಾ ಮಿಸ್?"

ಅಲ್ಲ ಎನ್ನಲು ಹೋದೆ. ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಫೋನನ್ನು ತಡವಿ, ಪಾಠವನ್ನು ಮತ್ತೆ ಮೊದಲಿನಿಂದ ಹಾಕಿದಳು. ಅವಳು ಬರೆಯಬೇಕಾಗಿದ್ದ ಪರೀಕ್ಷೆಯಲ್ಲಿ ಆ ಪಾಠ ಇರಲಿಲ್ಲ.